ಹಾಜಿಯವರ ಒಂದು ವಾರ, ನನ್ನ ಬದನೆಕಾಯಿ ವಾರ

ಗಂಡಸರಿಗೆ ನಿವೃತ್ತಿ ಕೊಡುವ ಸರ್ಕಾರ, ಆಮೇಲೆ ಅವರನ್ನು ಇಟ್ಟುಕೊಳ್ಳಲು ಒಂದು ಜಾಗವನ್ನೂ ಕೊಡಬೇಕಿತ್ತು. ಕೊಡಲಿಲ್ಲ. ಹಾಗಾಗಿ ನಮ್ಮ ಯಜಮಾನರು, ಹಾಜಿ ಬಸ್ಯೂನಿಯವರು, ನೇರವಾಗಿ ನನ್ನ ಅಡುಗೆಮನೆಗೆ ಬಂದರು.

ನಲವತ್ತು ವರ್ಷ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಟಿಕೆಟ್ ಹರಿದವರು. ಆ ನಲವತ್ತು ವರ್ಷವೂ ತಿಂಗಳ ಮೊದಲ ದಿನ ಮನೆಖರ್ಚಿನ ಹಣ ನನ್ನ ಕೈಗಿಟ್ಟು, ಮತ್ತೆ ಅದರ ಸುದ್ದಿ ಎತ್ತಿದವರಲ್ಲ. ಹಣ ನನ್ನ ಕಪ್ಪು ಬಟ್ಟೆಯ ಚೀಲಕ್ಕೆ ಹೋಗುತ್ತಿತ್ತು. ಆ ಚೀಲ ನನ್ನ ರಾಜ್ಯ, ಮೂರನೇ ಮಹಡಿಯ ಬಾಲ್ಕನಿ ನನ್ನ ಸಿಂಹಾಸನ. ಬೆಳಿಗ್ಗೆ ಅಲ್ಲಿ ಕೂತು ಗಾಡಿಯವರ ಕೂಗು ಕೇಳುತ್ತೇನೆ. ಯಾರ ಟೊಮೇಟೊ ಇವತ್ತಿನದು, ಯಾರದು ನಿನ್ನೆಯದು, ಯಾರಿಗೆ ಬೇಗ ಮಾರಿ ಮನೆಗೆ ಹೋಗುವ ಅವಸರವಿದೆ, ಎಲ್ಲವೂ ಆ ಗಂಟಲಿನಲ್ಲೇ ಇರುತ್ತದೆ. ಮೊದಲನೆಯವನ ಬೆಲೆ ಕೇಳಿ, ಅದನ್ನು ಎರಡನೆಯವನಿಗೆ ಹೇಳಿ, ಇಬ್ಬರದನ್ನೂ ಮೂರನೆಯವನಿಗೆ ಹೇಳಿ ಅವನ ತಲೆ ಕೆಡಿಸಿ, ಕೊನೆಗೆ ನಾಲ್ಕನೆಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತೇನೆ. ನನ್ನನ್ನು ಕೇಳದೆ ನಮ್ಮ ಗಲ್ಲಿಯ ಹೆಂಗಸರು ಒಂದು ಕಿಲೊ ಈರುಳ್ಳಿ ಕೊಂಡವರಲ್ಲ. (ಎದುರು ಮನೆಯ ಉಮ್ ವಗ್ದಿ, ಅಂದರೆ ವಗ್ದಿಯ ಅಮ್ಮ, ಒಬ್ಬಳು ಕೇಳುವುದಿಲ್ಲ. ಕಿಟಕಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ.)

ಹೀಗೆ ಉಳಿಸಿದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ನಿಮಗೆ ಹೇಳುತ್ತೇನೆ, ನೀವು ಹಾಜಿಗೆ ಹೇಳಬೇಡಿ. ನನ್ನ ತಂಗಿ ಫಾಯ್ಕಾಳ ಗಂಡ ತೀರಿಕೊಂಡು ಆರು ವರ್ಷವಾಯಿತು. ತಿಂಗಳು ತಿಂಗಳೂ ಅವಳ ಕೈಗೆ ಸ್ವಲ್ಪ ಮುಟ್ಟಿಸುತ್ತಿದ್ದೆ. "ಭಾವನಿಗೆ ಗೊತ್ತಾದ್ರೆ ಒಂದು ಬಿಡಿಗಾಸೂ ಮುಟ್ಟಲ್ಲ ಅಕ್ಕ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಬಡವರಿಗೆ ಇರುವ ಸೊಕ್ಕು ಪಾಷಾಗಳಿಗೂ ಇರುವುದಿಲ್ಲ.

ಇರಲಿ. ನಿವೃತ್ತರಾಗಿ ಒಂಬತ್ತನೇ ದಿನ ಹಾಜಿ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಉಮ್ ರವೂಫ್, ಈ ಸೌತೆಕಾಯಿಗೆ ಎಷ್ಟು ಕೊಟ್ಟೆ?"

"ನಾಲ್ಕು ಪೌಂಡು."

"ಬಾಕೋಸ್ ಸಂತೇಲಿ ಮೂರೂವರೆ!"

"ಬಾಕೋಸಿಗೆ ಹೋಗಿ ಬರೋಕೆ ಟ್ರಾಮ್ ಚಾರ್ಜು ನಿಮ್ಮ ಅಪ್ಪ ಕೊಡ್ತಾರಾ?"

"ನನ್ನನ್ನ ಯಾವ ಕಂಡಕ್ಟರು ದುಡ್ಡು ಕೇಳ್ತಾನೆ? ಎಲ್ಲಾ ನಾನೇ ಕೆಲಸ ಕಲಿಸಿದೋರು." ಮೀಸೆ ತಿರುವಿದರು. "ನಲವತ್ತು ವರ್ಷ ನಿನ್ನ ಕೈಗೆ ದುಡ್ಡು ಕೊಟ್ಟು ಕಣ್ಣು ಮುಚ್ಕೊಂಡು ಕೂತೆ. ತಪ್ಪು ನಂದೇ. ಈಗ ಒಂದು ವಾರ ನಾನು ಸಾಮಾನು ತರ್ತೀನಿ, ಒಂದು ವಾರ ನೀನು. ಇಬ್ಬರಿಗೂ ಒಂದೇ ಲೆಕ್ಕದ ದುಡ್ಡು. ಯಾರ ಹತ್ರ ಜಾಸ್ತಿ ಉಳಿಯುತ್ತೋ, ಚೀಲ ಅವರದು."

ನಾನು ನಕ್ಕೆ. ಮನಸ್ಸಿನೊಳಗೆ ಮಾತ್ರ ಫಾಯ್ಕಾಳ ಮುಖ ಕಂಡಿತು. ಚೀಲ ಹೋದರೆ ಅವಳ ಪಾಲೂ ಹೋದಂತೆಯೇ.

ಹಾಜಿಯವರ ದಿಗ್ವಿಜಯ ಮರುದಿನ ಶುರುವಾಯಿತು. ಸಕ್ಕರೆಗೆ ಊರಿನ ಆ ತುದಿ, ಹುರುಳಿಬೀನ್ಸಿಗೆ ಈ ತುದಿ, ಚೀಸಿಗೆ ಸಮುದ್ರದ ಹತ್ತಿರದ ಯಾವುದೋ ಗೋದಾಮು. ಬೆಳಿಗ್ಗೆ ಹೋದವರು ಇಳಿಹೊತ್ತಿನ ಅಸರ್ ನಮಾಜಿಗೆ ಬರುವರು, ಕೈಯಲ್ಲಿ ಅರ್ಧ ಕಿಲೊ ಏನಾದರೊಂದು. ಮೊಟ್ಟೆ ತಂದರು, ಎಲ್ಲವೂ ಬಿರುಕು. "ಒಳಗಿರೋದನ್ನ ತಿನ್ನೋದಲ್ವೇನೆ, ಚಿಪ್ಪಿಗೆ ಯಾಕೆ ದುಡ್ಡು?" ಬೇಳೆ ತಂದರು. ನಾನು ಅದರಿಂದ ಆರಿಸಿದ ಕಲ್ಲಿನಲ್ಲಿ ಒಂದು ಗೋಡೆ ಎಬ್ಬಿಸಬಹುದಿತ್ತು. ಮುರಿದ ಮ್ಯಾಕರೋನಿ ತಂದರು. ಬೇಯಿಸಿದ ಮೇಲೆ ಅದು ಗಾರೆಯೋ ಊಟವೋ ಎಂದು ಹೇಳಲು ಮೇಸ್ತ್ರಿಯನ್ನೇ ಕರೆಸಬೇಕಿತ್ತು.

"ಅಗ್ಗದ ಅಂಗಡಿ ಮುಂದೆ ಅಷ್ಟುದ್ದ ಸಾಲು ಇರುತ್ತಲ್ಲ, ಖಾಲಿಯಾಗೋ ಮೊದಲೇ ಹೇಗ್ರೀ ಸಿಗುತ್ತೆ ನಿಮಗೆ?" ಎಂದು ಒಂದು ದಿನ ಕೇಳಿದೆ.

"ಅದಕ್ಕೆ ತಲೆ ಬೇಕು. ಮುಂದೆ ನಿಂತೋರ ಹತ್ರ ಹೋಗಿ, 'ಏನ್ಮಾಡೋದು ತಮ್ಮಾ, ಮನೇಲಿ ಬಹಳ ಕಷ್ಟ, ಮುದುಕಿ ಕಾಯ್ತಾ ಇದಾಳೆ' ಅಂತೀನಿ. ಪಾಪ, ಜಾಗ ಬಿಡ್ತಾರೆ."

ಮುದುಕಿ ಎಂದಿದ್ದಕ್ಕೆ ನನಗೆ ಸಿಟ್ಟು ಬಂತು. ಉಳಿದ ಮಾತಿನ ಮೇಲೆ ನನ್ನ ಗಮನ ಹೋಗಲಿಲ್ಲ. ಹೋಗಬೇಕಿತ್ತು.

ವಾರ ಮುಗಿದಾಗ ಅವರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಾನು ಎರಡು ಸಲ ಎಣಿಸಿದೆ.

ನನ್ನ ವಾರ ಬಂತು. ಬಾಲ್ಕನಿಯಲ್ಲಿ ಕೂತು ಇದನ್ನು ಗೆಲ್ಲುವುದು ಆಗದ ಮಾತು. ಮೊದಲ ದಿನ ನಾಲ್ಕು ಅಂಗಡಿ ಸುತ್ತಿದೆ, ಎರಡನೇ ದಿನ ಏಳು. ಎರಡನೇ ದಿನದ ಸಂಜೆ ತರಕಾರಿ ಸಂತೆ ಮುಚ್ಚುವ ಹೊತ್ತಿಗೆ ಹೋದೆ. ಒಬ್ಬ ರೈತ ಕತ್ತೆಗಾಡಿಗೆ ವಾಪಸ್ಸು ಮೂಟೆ ಏರಿಸುತ್ತಾ ಬೈದುಕೊಳ್ಳುತ್ತಿದ್ದ. ನಿಂತು ಕೇಳಿದೆ. ಅವನ ಬೈಗುಳದಲ್ಲೇ ಗೊತ್ತಾಯಿತು, ಇವನಿಗೆ ಈ ಮೂಟೆಯನ್ನು ಊರಿಗೆ ಹೊತ್ತುಕೊಂಡು ಹೋಗುವುದು ಬೇಡ. ಇಪ್ಪತ್ತು ಕಿಲೊ ಬದನೆಕಾಯಿ, ನಾಲ್ಕು ಕಿಲೊದ ಬೆಲೆಗೆ! ಅಲ್ಲಿ ಚೆಲ್ಲಿದ್ದ ನಾಲ್ಕು ಬೆಳ್ಳುಳ್ಳಿ ಗಡ್ಡೆಯನ್ನೂ ಬಗ್ಗಿ ಆರಿಸಿಕೊಂಡೆ. (ಬಗ್ಗಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ.)

ಆಮೇಲೆ ಬದನೆಕಾಯಿಯ ಪಟ್ಟಾಭಿಷೇಕ. ಹುರಿದದ್ದು, ಸುಟ್ಟು ಎಳ್ಳಿನ ತಾಹಿನಿ ಕಲೆಸಿದ್ದು, ಅಕ್ಕಿ ತುಂಬಿದ್ದು, ಟೊಮೇಟೊ ಗೊಜ್ಜಿನ ಮುಸಕ್ಕಾ, ಉಪ್ಪಿನಕಾಯಿ. ಆ ಪಟ್ಟಾಭಿಷೇಕದ ಮೂರನೇ ದಿನ ಹಾಜಿ ತಟ್ಟೆ ಸರಿಸಿದರು.

"ಉಮ್ ರವೂಫ್, ನನ್ನ ಮೈಬಣ್ಣ ನೋಡು. ನೇರಳೆ ಆಗ್ತಾ ಇದೀನಿ."

"ನಿಮ್ಮ ಒಡಕು ಮೊಟ್ಟೆ ತಿಂದು ನಾನು ಕೊಕ್ಕೊಕ್ಕೋ ಅಂದ್ನಾ? ತಿನ್ನಿ ಸುಮ್ನೆ."

ಅಂದೆನೇ ಹೊರತು, ನನ್ನ ಗಂಟಲಿಗೂ ಇಳಿಯುತ್ತಿರಲಿಲ್ಲ. ಮೂಟೆಯಲ್ಲಿ ಇನ್ನೂ ಹನ್ನೆರಡು ಕಿಲೊ ಇತ್ತು. ಆಗಲೇ ನನಗೆ ಆ ಮಹಾ ಉಪಾಯ ಹೊಳೆದದ್ದು.

ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ತಟ್ಟೆ ಖಾಲಿ ಹಿಂದಿರುಗುವುದಿಲ್ಲ. ಏನಾದರೂ ಹಾಕಿಯೇ ಕಳಿಸಬೇಕು. ಕಳಿಸದಿದ್ದರೆ ಆ ಮನೆಯವಳ ಹೆಸರು ಮೆಟ್ಟಿಲು ಮೆಟ್ಟಿಲಿನ ಮೇಲೂ ಉರುಳುತ್ತದೆ. ಅಂದ ಮೇಲೆ? ನಾನು ಹನ್ನೊಂದು ಮನೆಗೆ ಹನ್ನೊಂದು ತಟ್ಟೆ ಮುಸಕ್ಕಾ ಕಳಿಸಿದರೆ, ಹನ್ನೊಂದು ಮನೆಯ ಅಡುಗೆ ನನ್ನ ಮನೆಗೆ ನಡೆದು ಬರುತ್ತದೆ, ಬಿಡಿಗಾಸಿನ ಖರ್ಚಿಲ್ಲದೆ. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹೋಯಿತು. ಹೋದರೆ ಹೋಗಲಿ, ಅದಕ್ಕೆ ದುಡ್ಡು ಕೊಟ್ಟಿರಲಿಲ್ಲವಲ್ಲ.

ತಟ್ಟೆಗಳು ಬಂದವು ನೋಡಿ! ಒಂದರಲ್ಲಿ ಮಾಂಸ ಹಾಕಿದ ಅನ್ನ. ಒಂದರಲ್ಲಿ ಕರಿದ ಮೀನು. ಇನ್ನೊಂದರಲ್ಲಿ ಪಾರಿವಾಳ, ಒಂದಲ್ಲ, ಎರಡು. ಮಗನ ಮದುವೆಯಲ್ಲೂ ನೀರು ಬೆರೆಸಿದ ಶರಬತ್ತು ಕೊಟ್ಟ ಉಮ್ ವಗ್ದಿ ಇಡೀ ಕೋಳಿ ಹಿಡಿದು ಬಂದಳು. ಮೆಲ್ಲಗೆ ನನ್ನ ಭುಜ ಸವರಿ, "ಧೈರ್ಯ ತಂದುಕೊಳ್ಳಿ ಉಮ್ ರವೂಫ್. ದೇವರು ದೊಡ್ಡೋನು" ಎಂದಳು.

ನನ್ನ ಮುಸಕ್ಕಾ ತಿಂದು ಇಷ್ಟು ಮೆತ್ತಗಾದಳಲ್ಲ ಎಂದು ನಾನು ಬೀಗಿದೆ. ನನ್ನ ಕೈರುಚಿ ಕಲ್ಲನ್ನೂ ಕರಗಿಸುತ್ತದೆ ಎಂದು ಹಾಜಿಗೆ ಹೇಳಿಯೂ ಹೇಳಿದೆ. ಅವರು ಪಾರಿವಾಳದ ಮೂಳೆ ಚೀಪುತ್ತಾ, "ವಾರ ಮುಗಿಯೋಕೆ ಇನ್ನೊಂದೇ ದಿನ. ಗೆದ್ದಂಗೆ ಇದೀಯ" ಎಂದು ಒಪ್ಪಿಕೊಂಡರು. ನಾನು ಮನಸ್ಸಿನಲ್ಲೇ ಫಾಯ್ಕಾಳ ಪಾಲು ಎತ್ತಿಟ್ಟೆ.

ಮರುದಿನ ಫಾಯ್ಕಾಳೇ ಬಂದಳು. ಏದುಸಿರು, ಕಣ್ಣಲ್ಲಿ ನೀರು, ಒಂದು ಕೈಯಲ್ಲಿ ಅಕ್ಕಿ, ಎಣ್ಣೆ, ಟೀ ಸೊಪ್ಪಿನ ಚೀಲ. ಹಾಜಿ ಎದುರಿಗೇ ಇದ್ದಾರೆ. ನಾನು ಕಣ್ಣು ಮಿಟುಕಿಸಿದೆ, ಹುಬ್ಬು ಹಾರಿಸಿದೆ, ಕೆಮ್ಮಿದೆ. ಅವಳು ನೋಡಿದರೆ ತಾನೇ?

"ಅಕ್ಕ, ನಂಗೆ ಒಂದು ಮಾತು ಹೇಳಬಾರದಿತ್ತಾ? ಬೇರೆಯವರ ಬಾಯಿಂದ ಕೇಳಬೇಕಾ?"

"ಏನು ಕೇಳಿದ್ಯೇ?"

"ಊರೆಲ್ಲಾ ಹೇಳ್ತಿದೆ! ಭಾವ ಸಾಲಲ್ಲಿ ನಿಂತು ಮನೇಲಿ ಕಷ್ಟ ಅಂತ ಅಳ್ತಾರಂತೆ. ನೀನು ಸಂತೆ ಮುಚ್ಚೋ ಹೊತ್ತಿಗೆ ಹೋಗಿ ನೆಲದ ಮೇಲೆ ಬಿದ್ದಿದ್ದನ್ನ ಆರಿಸ್ತೀಯಂತೆ. ಬರೀ ಬದನೆಕಾಯಿ ತಿಂತಾ ಇದೀರಂತೆ. ಮನೆ ಮನೆಗೆ ತಟ್ಟೆ ಕಳಿಸಿದ್ದು ವಾಪಸ್ ಊಟ ಬರಲಿ ಅಂತ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಪಾಪ ಅಂತ ಉಮ್ ವಗ್ದಿ ಎಲ್ಲರಿಗೂ ಹೇಳಿ ಅಡುಗೆ ಮಾಡಿಸಿದಾಳೆ!"

ಹಾಜಿಯ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

ಫಾಯ್ಕಾ ಎದೆಯೊಳಗಿಂದ ಒಂದು ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟಳು. "ನೀನು ತಿಂಗಳು ತಿಂಗಳು ಕೊಟ್ಟಿದ್ದರಲ್ಲಿ ಕೂಡಿಟ್ಟಿದ್ದು ಇದು. ಆರು ವರ್ಷದಿಂದ ನಿನ್ನ ಅನ್ನ ತಿಂದೆ. ಈಗ ನಿನಗೇ ಇಲ್ಲದಿರೋವಾಗ ನಾನು ಹೇಗೆ ಇಟ್ಕೊಳ್ಳಲಿ?"

ನೆಲ ಬಾಯಿ ಬಿಡಲಿಲ್ಲ. ಬೇಕಾದಾಗ ಅದು ಎಂದೂ ಬಿಡುವುದಿಲ್ಲ.

ಹಾಜಿ ಎದ್ದು ನಿಂತರು. ಮುಖ ಸುಟ್ಟ ಬದನೆಕಾಯಿ. ಬೈಗುಳಕ್ಕೆ ನಾನು ತಲೆ ಬಗ್ಗಿಸಿದೆ. ಆದರೆ ಅವರು ನನ್ನ ಕಡೆ ನೋಡಲೇ ಇಲ್ಲ.

"ಬಸ್ಯೂನಿ ಮನೇಲಿ ಹಸಿವಾ?" ಎಂದು ಗುಡುಗಿದರು. "ಗಂಡ ಸತ್ತ ನಾದಿನಿ ಕೈಯಿಂದ ನಾನು ಅಕ್ಕಿ ತಿನ್ನಬೇಕಾ? ಏ ಫಾಯ್ಕಾ, ತಗೊಂಡು ಒಳಗಿಡು ಅದನ್ನ! ಮೂರು ತಲಾಖಿನ ಮೇಲೆ ಆಣೆ, ಈ ಗಂಟು ನಿನ್ನ ಮನೆಗೇ ವಾಪಸ್ ಹೋಗಬೇಕು! ಇನ್ನೊಂದು ಆಣೆ, ನಿನ್ನಕ್ಕ ಇಲ್ಲೀವರೆಗೂ ಎಷ್ಟು ಕೊಡ್ತಿದ್ದಳೋ, ಇನ್ಮೇಲೆ ಅದರ ಎರಡರಷ್ಟು ಕೊಡದೆ ಇದ್ದರೆ ಅವಳು ನನ್ನ ಹೆಂಡತಿಯೇ ಅಲ್ಲ!"

ನಮ್ಮ ಗಂಡಸರಿಗೆ ಉದಾರತೆ ಉಕ್ಕಿದಾಗಲೆಲ್ಲ ಒತ್ತೆ ಇಡುವುದು ಹೆಂಡತಿಯನ್ನೇ; ಆಣೆ ತಪ್ಪಿದರೆ ತಲಾಖ್ ಆಗಿ ಮದುವೆಯೇ ಮುರಿದಂತೆ. ಆದರೂ ನನ್ನ ಎದೆ ತಣ್ಣಗಾಯಿತು. ಆರು ವರ್ಷ ಸುಮ್ಮನೆ ಹೆದರಿದ್ದೆನಲ್ಲ ಎನಿಸಿತು.

ತಣ್ಣಗಾದದ್ದು ಅಷ್ಟೇ ಹೊತ್ತು. ಹಾಜಿ ಕಪ್ಪು ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ನಾನು ಬಾಲ್ಕನಿಗೆ ಓಡಿದೆ. ಅವರು ನಮ್ಮ ಗಲ್ಲಿಯ ಮೂಲೆಯ ಮಾಂಸದಂಗಡಿಯ ಮುಂದೆ ನಿಂತಿದ್ದರು. ಇಡೀ ಬಡಾವಣೆಯಲ್ಲೇ ದುಬಾರಿ ಅಂಗಡಿ ಅದು. ನಾನು ಅದರ ಮುಂದೆ ಹಾದು ಹೋಗುವಾಗ ಉಸಿರನ್ನೂ ಹಿಡಿದುಕೊಳ್ಳುತ್ತೇನೆ, ಅದಕ್ಕೂ ದುಡ್ಡು ಕೇಳಿಯಾನೆಂದು.

"ಕುರಿ ಇಡೀದು ಎಷ್ಟು?" ಗಲ್ಲಿಯ ಆ ತುದಿಗೂ ಕೇಳುವ ದನಿ.

ಅವನು ಬೆಲೆ ಹೇಳಿದ. ನಾನು ಕಂಬಿ ಹಿಡಿದುಕೊಂಡೆ.

"ಕಡಿ!" ಎಂದರು ಹಾಜಿ.

ಚೌಕಾಸಿ ಇಲ್ಲ. 'ಅಯ್ಯೋ' ಇಲ್ಲ. ಎರಡು ಹೆಜ್ಜೆ ನಡೆದು ಹಿಂತಿರುಗಿ ನೋಡುವುದೂ ಇಲ್ಲ. ಮಾಂಸದಂಗಡಿಯವನೇ ಗಾಬರಿಯಾಗಿ, ತಾನಾಗಿಯೇ ಇಳಿಸಲು ಬಾಯಿ ತೆರೆದ. "ಇಳಿಸಬೇಡ! ಹೇಳಿದ್ದಷ್ಟೇ ತಗೋ!" ಎಂದು ಹಾಜಿ ಅವನನ್ನೇ ಗದರಿಸಿದರು. ಕಿಟಕಿ ಕಿಟಕಿಯಲ್ಲೂ ತಲೆಗಳು. ಯಾರೂ ನನ್ನನ್ನು ತಳ್ಳಲಿಲ್ಲ, ಆದರೂ ನಾನು ಬಾಲ್ಕನಿಯಲ್ಲೇ ಕುಸಿದು ಕೂತೆ.

ಆ ಸಂಜೆ ಹನ್ನೊಂದು ಮನೆಗೂ ಮಾಂಸದ ತಟ್ಟೆ ಹೋಯಿತು, ಬೆಟ್ಟದಂತೆ ತುಂಬಿ. ಬಂದ ಮೇಲೆ ಹಾಜಿ ಚೀಲವನ್ನು ನನ್ನ ಮಡಿಲಿಗೆ ಹಾಕಿದರು. "ತಗೋ, ನೀನೇ ಗೆದ್ದೆ. ಸಾಮಾನಿನ ಸಹವಾಸ ನನಗೆ ಬೇಡ. ಆದರೆ ಮೂರು ತಲಾಖಿನ ಆಣೆ, ಈ ಗಲ್ಲಿಯಲ್ಲಿ ನೀನು ಇನ್ಮೇಲೆ ಬಾಯಿಬಿಟ್ಟು ಚೌಕಾಸಿ ಮಾಡೋ ಹಾಗಿಲ್ಲ. ನಮಗೂ ಮಾನ ಇದೆ."

ಬಾಯಿ ಬಿಚ್ಚಿ ನೋಡಿದೆ, ಚೀಲದ್ದು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ. ಒಳಗೆ ಇದ್ದದ್ದು ನಾಲ್ಕು ಚಿಲ್ಲರೆ ಕಾಸು, ಒಂದು ಹಳೆಯ ಟ್ರಾಮ್ ಟಿಕೆಟ್ಟು.

ಬೆಳಿಗ್ಗೆ ಉಮ್ ವಗ್ದಿ ತಟ್ಟೆ ವಾಪಸ್ಸು ತಂದಳು. ಮುಖದಲ್ಲಿ ಅಳತೆಗೆ ಸಿಗದ ಕರುಣೆ.

"ಉಮ್ ರವೂಫ್, ಬೇಜಾರು ಮಾಡ್ಕೋಬೇಡಿ. ಆ ಬೆಲೆಗೆ ಕುರಿ ತಗೋತಾರಾ ಯಾರಾದ್ರೂ? ಈಗ ಗೊತ್ತಾಯ್ತು ನಿಮ್ಮ ಮನೇಲಿ ಯಾಕೆ ಕಷ್ಟ ಅಂತ. ವ್ಯಾಪಾರ ತಿಳಿಯದೆ ಹೋದ್ರೆ ಹೀಗೇ. ಬನ್ನಿ, ನಾನು ಹೇಳಿಕೊಡ್ತೀನಿ."

ಆಣೆ ನೆನಪಾಯಿತು, ಖಾಲಿ ಚೀಲವೂ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ನಡೆದೆ. ಈರುಳ್ಳಿ ಗಾಡಿಯ ಹತ್ತಿರ ನಿಂತಳು. ಆ ಗಾಡಿಯವನು ಅಮ್ ಶಲಬಿ, ಅಂದರೆ ಶಲಬಿ ಚಿಕ್ಕಪ್ಪ; ಅವನ ಜೊತೆ ನಾನು ಹದಿನೆಂಟು ವರ್ಷದಿಂದ ಜಗಳವಾಡುತ್ತಿದ್ದೇನೆ. ನನ್ನನ್ನು ನೋಡಿದ ಕೂಡಲೇ ಅವನು ಅಂಗಿಯ ತೋಳು ಮೇಲೇರಿಸಿ ಯುದ್ಧಕ್ಕೆ ಸಿದ್ಧನಾದ. ನಾನು ತುಟಿ ಬಿಗಿಹಿಡಿದು ನಿಂತೆ.

"ಪಾಪದ ಹೆಂಗಸು ಅಮ್ ಶಲಬಿ" ಎಂದಳು ಉಮ್ ವಗ್ದಿ. "ಏನೂ ತಿಳಿಯಲ್ಲ. ನ್ಯಾಯವಾದ ಬೆಲೆ ಹೇಳು."

ಅವನು ನನ್ನ ಮುಖವನ್ನೇ ನೋಡಿದ. ನಾನು ಬಾಯಿ ಬಿಡುವುದನ್ನು ಕಾದ. ಬಿಡದಿದ್ದದ್ದು ಕಂಡು ಅವನ ಕಣ್ಣಿನಲ್ಲಿ ನೀರಾಡಿತು.

"ಎಂಥಾ ಸಿಂಹಿಣಿ ಇದ್ದಳು, ಏನಾಗಿ ಹೋದಳು!" ಎಂದು ಎರಡು ಕಿಲೊ ತೂಗಿ, ಮೇಲೆ ಮೂರು ಗಡ್ಡೆ ಎಸೆದು ಒಂದು ಬೆಲೆ ಹೇಳಿದ.

ಹದಿನೆಂಟು ವರ್ಷ ಕಿರುಚಿ, ಶಾಪ ಹಾಕಿ, ಬುಟ್ಟಿ ಇಳಿಸಿ, ಬುಟ್ಟಿ ಏರಿಸಿ, ಒಮ್ಮೆಯೂ ನನಗೆ ಸಿಗದ ಬೆಲೆ ಅದು.