ಇಬ್ಬರು ಕೊಟ್ರೇಶರು ಮತ್ತು ಒಂದು ತಿದ್ದುಪಡಿ ರಿಟರ್ನ್

ಹಿಂದೆ ತಪ್ಪು ಮಾಡುವುದಕ್ಕೂ ಸ್ವಲ್ಪ ಸಮಯ ಹಿಡಿಯುತ್ತಿತ್ತು. ಪೆನ್ನಿನಲ್ಲಿ ಬರೆಯಬೇಕು, ಮಸಿ ಒಣಗಬೇಕು, ಕವರಿಗೆ ಅಂಟು ಹಚ್ಚಿ ಅಂಚೆಗೆ ಹಾಕಬೇಕು. ಅಷ್ಟರಲ್ಲಿ ಮನಸ್ಸಿಗೆ ಏನೋ ಕಸಿವಿಸಿಯಾದರೆ ಓಡಿಹೋಗಿ ಪೋಸ್ಟ್‌ಮ್ಯಾನ್ ಕೈಯಿಂದ ಕವರನ್ನು ವಾಪಸು ಇಸಿದುಕೊಳ್ಳುವ ಅವಕಾಶವಾದರೂ ಇತ್ತು. ಈಗ ಹಾಗಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಕೊಟ್ಟೂರಿನಲ್ಲಿ ಮಾಡಿದ ತಪ್ಪು ಕಣ್ಣು ಮಿಟುಕಿಸುವುದರೊಳಗೆ ದಿಲ್ಲಿಯ ಕಡೆ ತಲುಪಿ, ಯಶಸ್ವಿಯಾಗಿ ಸ್ವೀಕರಿಸಲಾಗಿದೆ ಎಂದು ಹಸಿರು ಅಕ್ಷರದಲ್ಲಿ ಉತ್ತರ ಬರುತ್ತದೆ. ನನ್ನ ಇಷ್ಟು ವರ್ಷದ ಸಂಸಾರದಲ್ಲಿ, ನೌಕರಿಯಲ್ಲಿ, ನನ್ನ ಕೆಲಸವನ್ನು ಅಷ್ಟು ಬೇಗ ಯಾರೂ ಮೆಚ್ಚಿದ್ದಿಲ್ಲ. ಹಾಗಾಗಿ ಆ ಹಸಿರು ಅಕ್ಷರ ನೋಡಿದಾಗಲೆಲ್ಲ ನಾನು ಒಂದು ಕಪ್ ಚಹ ತರಿಸಿಕೊಂಡು ಕುಡಿಯುವ ರೂಢಿ ಇಟ್ಟುಕೊಂಡಿದ್ದೆ.

ನಾನು ಕೊಟ್ಟೂರಿನ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಶಾಲೆಗೆ ಕೆಲಸ ಮಾಡಿಕೊಟ್ಟ ಗುತ್ತಿಗೆದಾರರಿಗೆ ಬಿಲ್ಲು ಪಾವತಿಸುವಾಗ ಅದರಲ್ಲಿ ಒಂದಿಷ್ಟು ಹಿಡಿದು, ಅವರ ಲೆಕ್ಕಕ್ಕೆ ಆದಾಯ ತೆರಿಗೆ ಕಟ್ಟಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಯಾರ ಪ್ಯಾನ್ ನಂಬರಿಗೆ ಎಷ್ಟು ಕಟ್ಟಿದ್ದೇವೆ ಎಂದು ಕಂಪ್ಯೂಟರಿನಲ್ಲೇ ರಿಟರ್ನ್ ಸಲ್ಲಿಸಬೇಕು. ಕೇಳುವುದಕ್ಕೆ ಸುಲಭ. ಬೇರೆ ಜಿಲ್ಲೆಯಲ್ಲಿ ಮಾಡುವುದಕ್ಕೂ ಸುಲಭವೇ ಇರಬೇಕು. ಆದರೆ ನಮ್ಮ ಸೀಮೆಯಲ್ಲಿ ಕೊಟ್ಟೂರೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವರೂ ಕೊಟ್ರೇಶ, ಹರಕೆ ಹೊರದೆ ಹುಟ್ಟಿದವರೂ ಕೃತಜ್ಞತೆಗಾಗಿ ಕೊಟ್ರೇಶ. ಹರಪನಹಳ್ಳಿ ಬಸ್ಸಿನಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ ಡ್ರೈವರ್ ಕೂಡ ತಿರುಗಿ ನೋಡಿಯಾನು. ಆದ್ದರಿಂದ ಇಲ್ಲಿ ಯಾರೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಗಿರಣಿ ಕೊಟ್ರೇಶ, ಹಾಲಿನ ಕೊಟ್ರೇಶ, ಪಂಕ್ಚರ್ ಕೊಟ್ರೇಶ ಎಂದು ಕಸುಬು ಸೇರಿಸಿಯೇ ಕರೆಯುವುದು. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಅವರಿಗೆ ಇಂಥದ್ದೇ ಎಂದು ಹೇಳುವ ಕಸುಬಿಲ್ಲದ ಕಾರಣ ನಾನು 'ಏನ್ರೀ' ಎನ್ನುತ್ತೇನೆ.

ಕಂಪ್ಯೂಟರಿಗೆ ಈ ಪದ್ಧತಿ ಗೊತ್ತಿಲ್ಲ. ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರೆ ನಮ್ಮ ಶಾಲೆಯ ಖಾತೆಯಲ್ಲಿರುವ ಕೊಟ್ರೇಶರೆಲ್ಲ ಒಬ್ಬರ ಕೆಳಗೊಬ್ಬರು ಸಾಲಾಗಿ ನಿಲ್ಲುತ್ತಾರೆ. ಅವರಲ್ಲಿ ಇಬ್ಬರು ಗುತ್ತಿಗೆದಾರರು, ಇಬ್ಬರ ಇನಿಷಿಯಲ್ಲೂ ಒಂದೇ. ಒಬ್ಬ, ವಾರ್ಷಿಕೋತ್ಸವಕ್ಕೆ ಪೆಂಡಾಲು ಹಾಕಿ ಕುರ್ಚಿ ತರುವ ಶಾಮಿಯಾನ ಕೊಟ್ರೇಶ. ಇನ್ನೊಬ್ಬ ಹರಪನಹಳ್ಳಿ ಕಡೆಯ ಅರಸೀಕೆರೆಯ ಕಟ್ಟಡದ ಕೊಟ್ರೇಶ. ನಮ್ಮ ಹೊಸ ಕೊಠಡಿಗಳನ್ನೂ ಕಾಂಪೌಂಡನ್ನೂ ಕಟ್ಟಿದವನು ಇವನೇ. ನಾನು ರಿಟರ್ನಿನಲ್ಲಿ ಕೊಠಡಿಗಳನ್ನೂ ಕಾಂಪೌಂಡನ್ನೂ ಶಾಮಿಯಾನದವನ ಕೈಯಲ್ಲಿ ಕಟ್ಟಿಸಿ ಗುಂಡಿ ಒತ್ತಿದೆ. ಹಸಿರು ಅಕ್ಷರ ಬಂತು. ಚಹ ಕುಡಿದೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಟ್ಟಡದ ಕೊಟ್ರೇಶ ಆಫೀಸಿಗೆ ಬಂದ. ಕೂತುಕೋ ಎಂದರೂ ಕೂರಲಿಲ್ಲ.

"ಅಕ್ಕಾರ, ನಿಮ್ಮ ಸಾಲಿ ಕೆಲಸ ಮಾಡಿದಾಂವ ನಾನಾ ಹೌದಲ್ರಿ?"

"ನೀನಾ ಅಲ್ಲೇನಪ. ಯಾಕ?"

"ಇದ್ರಾಗ ನೋಡಿದ್ರ ನಾ ಏನೂ ಮಾಡೇ ಇಲ್ಲರಿ," ಎಂದು ಫೋನು ಮುಂದಿಟ್ಟ. ಅವನ ತೆರಿಗೆ ದಾಖಲೆಯ ಪುಟದಲ್ಲಿ ನಮ್ಮ ಶಾಲೆಯ ಹೆಸರೇ ಇರಲಿಲ್ಲ.

ಇದು ಬರೀ ತೆರಿಗೆಯ ವಿಷಯವಾಗಿದ್ದರೆ ನಾನು ಆಡಿಟರ ಮೇಲೆ ಹಾಕಿ ಪಾರಾಗುತ್ತಿದ್ದೆ. ಆದರೆ ಕೊಟ್ರೇಶನ ವಿಷಯ ಬೇರೆ. ಅವನು ಹಡಗಲಿಯಿಂದ ಕೂಡ್ಲಿಗಿಯ ತನಕ ಎಷ್ಟೋ ಗೋಡೆ ಎಬ್ಬಿಸಿದ್ದಾನೆ, ಎಲ್ಲವೂ ದೊಡ್ಡ ಕಂಟ್ರಾಕ್ಟರುಗಳ ಕೈಕೆಳಗೆ. ಗೋಡೆ ಇವನದು, ಬೋರ್ಡಿನ ಮೇಲಿನ ಹೆಸರು ಅವರದು. ಸ್ವಂತ ಹೆಸರಿನಲ್ಲಿ ಅವನು ಹಿಡಿದ ಮೊದಲ ದೊಡ್ಡ ಕೆಲಸ ನಮ್ಮ ಶಾಲೆಯದು. ಈಗ ತೆಲಿಗಿಯ ಸರ್ಕಾರಿ ಶಾಲೆಗೆ ಕೊಠಡಿ ಕಟ್ಟುವ ಟೆಂಡರು ಕರೆದಿದ್ದರು. ಹಿಂದೆ ಇಂಥ ಕೆಲಸ ಮಾಡಿದ್ದಕ್ಕೆ ಪತ್ರವೂ ಬೇಕು, ಆ ಪತ್ರಕ್ಕೆ ತೆರಿಗೆ ದಾಖಲೆ ತಾಳೆಯಾಗಲೂ ಬೇಕು. ಪತ್ರವನ್ನು ನಾವು ಕೊಟ್ಟಿದ್ದೆವು. ದಾಖಲೆಯನ್ನು ನಾನು ಶಾಮಿಯಾನದವನಿಗೆ ಕೊಟ್ಟಿದ್ದೆ. ಕೊನೆಯ ದಿನ ಹತ್ತಿರದಲ್ಲೇ ಇತ್ತು.

ಪಟ್ಟಿ ತೆಗೆದು ನೋಡಿದೆ, ತಪ್ಪು ನನ್ನದೇ. ಅವನು ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಿ ಸ್ವಲ್ಪ ಸುಧಾರಿಸಿಕೊಳ್ಳಬಹುದಿತ್ತು. ಅವನು ಮಾತ್ರ, "ಹೋಗ್ಲಿ ಬಿಡ್ರಿ ಅಕ್ಕಾರ, ಹೆಸರಿಂದೇನ್ ತಪ್ಪು ಐತಿ, ಸರಿ ಮಾಡಿದ್ರಾತು," ಎಂದ. ನನಗೆ ನಿಜಕ್ಕೂ ಅಳು ಬಂತು. ಅತ್ತರೆ ರಿಟರ್ನ್ ತಿದ್ದುಪಡಿಯಾಗುವುದಿಲ್ಲವಾದ್ದರಿಂದ ತಡೆದುಕೊಂಡೆ.

ಮೊದಲು ಶಾಮಿಯಾನ ಕೊಟ್ರೇಶನ ಅಂಗಡಿಗೆ ಹೋದೆ. ಕಟ್ಟಡದವನ ತೆರಿಗೆಯನ್ನು ಇವನು ತನ್ನದೆಂದು ತೋರಿಸಿ ಇಲಾಖೆಯಿಂದ ವಾಪಸು ಪಡೆದುಬಿಟ್ಟಿದ್ದರೆ ಕಥೆ ಮುಗಿದಂತೆಯೇ. ಅವನು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನಾನು ಎಲ್ಲ ಹೇಳಿದ ಮೇಲೆ ದೊಡ್ಡದೊಂದು ಉಸಿರು ಬಿಟ್ಟ.

"ಅದಕ್ಕೇನ್ರಿ ಬ್ಯಾಂಕಿನೋರು ಬೆನ್ನು ಹತ್ತಿದ್ದು. ದಿನಾ ಫೋನು, ಸಾಲ ತಗೋರಿ ಸಾರ್ ಅಂತ. ನಮ್ಮ ಭಾಮೈದ ಅಂತೂ, ಮಾವ ಎಲ್ಲೋ ಮನಿ ಕಟ್ಯಾನ, ನಮಗ ಹೇಳವಲ್ಲ ಅಂತ ಮಾತಾ ಬಿಟ್ಟಾನ."

"ರಿಟರ್ನ್ ಹಾಕಿಯೇನಪ?"

"ಇನ್ನಾ ಇಲ್ರಿ. ನನಗಾ ಅನುಮಾನ ಇತ್ತು. ಪೆಂಡಾಲಕ್ಕ ಅಷ್ಟು ರೊಕ್ಕ ಯಾರು ಕೊಡ್ತಾರ?" ಎಂದವನು ಸ್ವಲ್ಪ ತಡೆದು, "ತಿದ್ರಿ ಅಕ್ಕಾರ, ಅವರದು ಅವರಿಗೆ ಹೋಗ್ಲಿ. ಆದ್ರ ಬರೋ ತಿಂಗಳ ನಮ್ಮ ಹುಡುಗಿ ನೋಡಾಕ ಬೀಗರು ಬರೋರದಾರ. ಅಲ್ಲೀತನ ಬಿಟ್ಟಿದ್ರ ಸ್ವಲ್ಪ ತೂಕ ಇರ್ತಿತ್ತು," ಎಂದು ನಕ್ಕ.

ಬಂದು ಕಂಪ್ಯೂಟರಿನ ಮುಂದೆ ಕೂತೆ. ಪ್ಯಾನ್ ನಂಬರು ಅಸ್ತಿತ್ವದಲ್ಲೇ ಇಲ್ಲದ್ದಾದರೆ ತಿದ್ದುವುದು ಸುಲಭವಂತೆ. ನನ್ನ ತಪ್ಪಿನ ತೊಂದರೆ ಏನೆಂದರೆ ಅದು ಪೂರ್ತಿ ಸರಿಯಾದ ಪ್ಯಾನು, ಬೇರೆಯವರದು ಅಷ್ಟೆ. ತಪ್ಪನ್ನು ಅರೆಬರೆ ಮಾಡಿದವರಿಗೆ ಕ್ಷಮೆ ಬೇಗ, ಅಚ್ಚುಕಟ್ಟಾಗಿ ಮಾಡಿದವರಿಗೆ ಪರೀಕ್ಷೆ. ನಾನು ನಾನೇ ಎಂದು ಸಾಬೀತು ಮಾಡುವುದಕ್ಕೆ ಹಳೆಯ ಚಲನ್ನಿನ ವಿವರ ಕೇಳಿತು, ಕೊಟ್ಟೆ. ಹಳೆಯ ರಿಟರ್ನಿನ ರಸೀದಿ ಸಂಖ್ಯೆ ಕೇಳಿತು, ಕೊಟ್ಟೆ. ಕೊನೆಗೆ ಶಾಲೆಯ ಕಾರ್ಯದರ್ಶಿಯವರ ಡಿಜಿಟಲ್ ಸಹಿ ಕೇಳಿತು. ಪೆನ್ ಡ್ರೈವಿನಂತಿರುವ ಪುಟ್ಟ ಸಾಧನ ಅದು, ಕಂಪ್ಯೂಟರಿಗೆ ಸಿಕ್ಕಿಸಿದರೆ ಅದೇ ಸಹಿ. ನಮ್ಮ ಕಾರ್ಯದರ್ಶಿಗಳು ಮೆಕ್ಕೆಜೋಳದ ವ್ಯಾಪಾರದ ಯಜಮಾನರು. ಬೆಲೆಬಾಳುವ ವಸ್ತು ಎಂದು ಯಾರೋ ಹೇಳಿದ್ದರಿಂದ ಅದನ್ನು ಮನೆಯ ದೇವರ ಕೋಣೆಯಲ್ಲಿ ಇಟ್ಟಿದ್ದರು. ನನ್ನ ಲ್ಯಾಪ್‌ಟಾಪು ಹೊತ್ತುಕೊಂಡು ಅಲ್ಲಿಗೇ ಹೋದೆ.

ಸಿಕ್ಕಿಸಿದರೆ ಕಂಪ್ಯೂಟರು ಗುರುತೇ ಹಿಡಿಯಲಿಲ್ಲ. ತೆಗೆದು ನೋಡಿದರೆ, ಆಯುಧಪೂಜೆಯ ದಿನ ಯಜಮಾನಮ್ಮ ತಕ್ಕಡಿ, ಸ್ಕೂಟರುಗಳ ಜೊತೆಗೆ ಇದನ್ನೂ ಕೂರಿಸಿ ಮೂರು ಬೆರಳಿನಲ್ಲಿ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಹೂವಿನ ನೀರು ಚಿಮುಕಿಸಿದ್ದರು. ಎಲ್ಲವೂ ಅದರ ಬಾಯಿಯೊಳಗೆ ಸೇರಿ ಗಟ್ಟಿಯಾಗಿತ್ತು. ನಾನು ತಲೆಯಿಂದ ಹೇರ್‌ಪಿನ್ನು ತೆಗೆದು ಕೆರೆಯತೊಡಗಿದೆ.

"ವಿಭೂತಿ ತಗದ್ರ ಸಹಿ ನಡೀತೈತೇನವ್ವ?" ಯಜಮಾನಮ್ಮನ ಆತಂಕ ನಿಜವಾದದ್ದು.

"ತಗದ್ರಾನಾ ನಡಿಯಾದಮ್ಮಾ," ಎಂದೆ. ಅವರು ಕೆನ್ನೆಗೆ ಮೆಲ್ಲಗೆ ತಟ್ಟಿಕೊಂಡರು.

ಕಂಪ್ಯೂಟರು ಗುರುತು ಹಿಡಿಯಿತು. ಈಗ ಗುಪ್ತಪದ. "ಹೇಳ್ರಿ ಯಜಮಾನ್ರ, ಒತ್ತತೀನಿ," ಎಂದರೆ ಅವರು ಹೆಂಡತಿಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು, ಆಮೇಲೆ ನನ್ನ ಕೈಯಿಂದ ಲ್ಯಾಪ್‌ಟಾಪನ್ನೇ ತೆಗೆದುಕೊಂಡರು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತತೊಡಗಿದರು. ಅಕ್ಷರ ಸಿಗದಾಗ ಕೇಳಲೇಬೇಕಾಯಿತು. "ಜಿ ಎಲ್ಲೈತ್ರಿ? ಐ? ಆರ್ ಮ್ಯಾಗೈತೇನ್ರಿ? ಇನ್ನೊಂದು ಐ. ಜೆ?" ಅಷ್ಟು ಹೊತ್ತಿಗೆ ಯಜಮಾನಮ್ಮ ಗಿರಿಜಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಯಜಮಾನರು ಆ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

"ಹೋಗ್ಲಿ, ಕಂಪ್ಯೂಟರಿಗಾದ್ರೂ ಹೇಳ್ಯಾರಲ್ಲ," ಎಂದು ಗಿರಿಜಮ್ಮ ಒಳಗೆ ಹೋಗಿ ನನಗೆ ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಬಂದರು. ಅದರಲ್ಲಿ ಶೇಂಗಾ ಧಾರಾಳವಾಗಿತ್ತು.

ತಿದ್ದುಪಡಿ ಹೋಯಿತು. ಹಸಿರು ಅಕ್ಷರವೂ ಬಂತು. ಈ ಸಲ ಚಹ ಸೇರಲಿಲ್ಲ. ತಪ್ಪಿಗೂ ಸರಿಗೂ ಒಂದೇ ಹಸಿರು ತೋರಿಸುವವರನ್ನು ಹೇಗೆ ನಂಬುವುದು? ಕಟ್ಟಡದ ಕೊಟ್ರೇಶನ ಪುಟದಲ್ಲಿ ಕಾಣುವುದಕ್ಕೆ ಇನ್ನೂ ಕೆಲವು ದಿನ ಬೇಕು ಎಂದರು ಆಡಿಟರು. ಆ ದಿನಗಳಲ್ಲಿ ನಾನು ಕೊಟ್ರೇಶನಿಗೆ ಎಷ್ಟು ಸಲ ಫೋನು ಮಾಡಿದೆನೆಂದರೆ, ಕೊನೆಕೊನೆಗೆ ಅವನೇ ನನಗೆ ಧೈರ್ಯ ಹೇಳುತ್ತಿದ್ದ. ಮನೆಯಲ್ಲಿ 'ಏನ್ರೀ' ಅಂತೂ, "ನನಗ ಒಂದ್ ದಿನಾನೂ ಇಷ್ಟು ಫೋನ್ ಮಾಡಿಲ್ಲ ನೋಡು," ಎಂದು ಆಡಿಕೊಂಡರು.

ಟೆಂಡರಿನ ಕೊನೆಯ ದಿನಕ್ಕೆ ಮುಂಚಿನ ದಿನ ಮಧ್ಯಾಹ್ನ ಅವನದೇ ಫೋನು ಬಂತು. "ಬಂದೈತ್ರಿ ಅಕ್ಕಾರ. ನಿಮ್ಮ ಸಾಲಿ ಹೆಸರು, ನನ್ನ ಹೆಸರು, ಎರಡೂ ಕೂಡೇ ಅದಾವ." ಅಷ್ಟು ಹೇಳಿ ಆ ಸಾಲನ್ನು ತನ್ನಷ್ಟಕ್ಕೆ ಮತ್ತೊಮ್ಮೆ ಮೆಲ್ಲಗೆ ಓದಿಕೊಂಡ. ಎಷ್ಟೋ ಗೋಡೆ ಕಟ್ಟಿದ ಮನುಷ್ಯ ತನ್ನ ಹೆಸರನ್ನು ಒಂದು ಸಲ ಓದಿಕೊಳ್ಳುವಾಗ ನಡುವೆ ಮಾತಾಡಬಾರದು ಎನ್ನುವಷ್ಟು ಬುದ್ಧಿ ನನಗೂ ಇದೆ.

ತೆಲಿಗಿಯ ಟೆಂಡರು ಅವನಿಗೇ ಆಯಿತು. ಪೇಡೆಯ ಡಬ್ಬಿ ಹಿಡಿದು ಬಂದ. ಈ ಸಲ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತ. ನನಗೂ ಎದೆ ತುಂಬಿ ಬಂದಿತ್ತು. ಹುಮ್ಮಸ್ಸಿನಲ್ಲಿ ಹೇಳಿದೆ, "ಇನ್ ಮ್ಯಾಲೆ ನಿನ್ನ ಲೆಕ್ಕ ನಾನಾ ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡ್ತೀನಿ ತಗೋ. ಒಂದು ತಪ್ಪು ಆಗಂಗಿಲ್ಲ."

ಕೊಟ್ರೇಶ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ. "ಅದರ ತ್ರಾಸು ನಿಮಗ ಬ್ಯಾಡ್ರಿ ಅಕ್ಕಾರ. ಇದು ಸರ್ಕಾರಿ ಕೆಲಸ. ಟ್ಯಾಕ್ಸ್ ಹಿಡಿಯೋದು, ಕಂಪ್ಯೂಟರಿನ್ಯಾಗ ಹಾಕೋದು ಎಲ್ಲಾ ಅವರಾ ಮಾಡ್ತಾರ್ರಿ. ನಿಮ್ಮ ಹಂತೇಕ ಬರಂಗೇ ಇಲ್ಲ."

ಹಾಗೆನ್ನುವಾಗ ಅವನ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ, ಅವನು ಪೇಡೆ ತಂದದ್ದು ಟೆಂಡರು ಸಿಕ್ಕಿತೆಂದೋ, ನನ್ನ ಕೈಯಿಂದ ಬಿಡುಗಡೆ ಸಿಕ್ಕಿತೆಂದೋ ನನಗೆ ತಿಳಿಯಲಿಲ್ಲ. ಕೇಳೋಣವೆಂದುಕೊಂಡೆ. ಆದರೆ ಬಾಯಲ್ಲಿ ಪೇಡೆಯಿತ್ತು.