ತಟ್ಟೆ ಮೆಷಿನಿಗೆ ಅಮ್ಮ ಹೇಳಿದ ಹರಕೆ

ಕರೆಂಟಿನ ಸಾಮಾನು ಒಂದು ಮನೆಯೊಳಗೆ ಕಾಲಿಟ್ಟರೆ ಸಾಕು, ಆ ಮನೆಯಲ್ಲಿ ವಾರಕ್ಕೊಂದು ಕತೆ ಹುಟ್ಟಿಯೇ ಹುಟ್ಟುತ್ತದೆ. ನಮ್ಮ ಮನೆಗೆ ಬಂದದ್ದು ಬಲ್ಬು, ಫ್ಯಾನು ಅಲ್ಲ. ಮರ ಉಜ್ಜುವ ಮೆಷಿನು.

ನಾನು ಹೆಂಚಿನ ಕಾರ್ಖಾನೆಯಲ್ಲಿ ಬಡಗಿ. ಹೆಂಚಿನ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡುವುದು ನನ್ನ ಕೆಲಸ. ರಜೆಯ ದಿನ ಬಿಜೈಯಲ್ಲಿದ್ದ ನಮ್ಮ ಮನೆಯಲ್ಲಿ ಮಂಚ, ಮೇಜು, ಮಣೆ ಮಾಡುತ್ತಿದ್ದೆ. ಇಪ್ಪತ್ತು ವರ್ಷ ಕೈಯಲ್ಲಿ ಮರ ಉಜ್ಜಿ ಉಜ್ಜಿ ನನ್ನ ಬಲ ಭುಜ ಹೋಗಿಬಿಟ್ಟಿತ್ತು. "ಇನ್ನು ಉಜ್ಜಿದರೆ ಕೈ ಮೇಲೇಳುವುದಿಲ್ಲ" ಅಂತ ಡಾಕ್ಟರು ಹೇಳಿದರು. ಬಡಗಿ ಉಜ್ಜದಿದ್ದರೆ ಮತ್ತೆಂತ ಮಾಡುವುದು, ಭಜನೆಯಾ?

ಆಗ ಯುದ್ಧದ ಕಾಲ. ಕಾರ್ಖಾನೆಯ ಎಂಜಿನಿಯರ್ ದೊರೆಗೆ ಒಂದು ವರ್ಷ ಬೊಂಬಾಯಿಗೆ ಹೋಗಬೇಕಾಗಿ ಬಂತು. ಅವರ ಸ್ವಂತದ ಮೆಷಿನು ಒಂದಿತ್ತು. ರೊಟ್ಟಿಯಷ್ಟಗಲದ ತಟ್ಟೆ, ಅದಕ್ಕೆ ಮರಳುಕಾಗದ ಸಿಕ್ಕಿಸಿ ಸ್ವಿಚ್ ಒತ್ತಿದರೆ ಗರಗರ ತಿರುಗಿ ಒಂದು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಅದನ್ನು ನನ್ನ ಕೈಯಲ್ಲಿಟ್ಟು ದೊರೆ ತಮ್ಮ ಕಾಲುಮುರುಕ ಕನ್ನಡದಲ್ಲಿ ಹೇಳಿದರು: "ಮುಟ್ಟುವ ಮೊದಲು ಪ್ಲಗ್ ತೆಗೆ. ನೇತಾಡುವ ಬಟ್ಟೆ ಬೇಡ. ಹುಡಿ ನಿಲ್ಲಬಾರದು. ನಾನು ವಾಪಸ್ ಬಂದಾಗ ಮೆಷಿನು ಓಡಬೇಕು, ನಿನ್ನ ಹತ್ತು ಬೆರಳು ಇರಬೇಕು. ಎರಡೂ ಇದ್ದರೆ ಮೆಷಿನು ನಿನಗೆ. ಒಂದು ಇಲ್ಲದಿದ್ದರೆ ಬೇರೆಯವನಿಗೆ."

ಇದಿಷ್ಟನ್ನೂ ಅವರು ಎಂದಿನ ಹಾಗೆ ಎಡಗೈಯನ್ನು ಚಡ್ಡಿಯ ಕಿಸೆಯಲ್ಲಿಟ್ಟುಕೊಂಡೇ ಹೇಳಿದ್ದು. ದೊರೆಗಳ ಗತ್ತೇ ಹಾಗೆ ಅಂತ ನಾವೆಲ್ಲ ತಿಳಿದಿದ್ದೆವು.

ಮಾವನ ಬೈರಾಸು

ಮೆಷಿನು ಬಂದ ಸುದ್ದಿ ಕೇಳಿ ಮೊದಲು ಬಂದವರು ನನ್ನ ಸೋದರಮಾವ. ನಮ್ಮಲ್ಲಿ ಮಾವನೆಂದರೆ ಮನೆಗೇ ದೊಡ್ಡವರು, ಅವರ ಮಾತಿಗೆ ಎದುರು ಮಾತಿಲ್ಲ. ಹೆಗಲ ಮೇಲೆ ಹೊಸ ಬೈರಾಸು ವಸ್ತ್ರ, ಎರಡೂ ತುದಿ ಮೊಣಕಾಲಿನವರೆಗೆ ನೇತಾಡುತ್ತಿತ್ತು.

"ಮಾವ, ಬೈರಾಸು ಒಂದು ಕೆಳಗಿಡಿ, ಇಲ್ಲದಿದ್ದರೆ ಸೊಂಟಕ್ಕೆ ಕಟ್ಟಿಕೊಳ್ಳಿ" ಎಂದೆ.

"ನಿನ್ನ ಅಮ್ಮನ ಮದುವೆ ಮಾಡಿಸಿದವ ನಾನು. ನನಗೆ ಬೈರಾಸು ಹಾಕಲಿಕ್ಕೆ ನೀನು ಕಲಿಸುವುದಾ? ಬಿಡು ಮೆಷಿನು, ನೋಡುವ."

ಬಿಟ್ಟೆ. ಮಾವ ಬಗ್ಗಿ ನೋಡಿದರು. ಮರುಕ್ಷಣ ಬೈರಾಸು ಅವರ ಹೆಗಲ ಮೇಲಿರಲಿಲ್ಲ. ತಟ್ಟೆ ಅದನ್ನು ಸುತ್ತಿ ಸುತ್ತಿ ಎಳೆದುಕೊಂಡು, ಬಾವಿಯ ಹಗ್ಗದಷ್ಟು ಬಿಗಿ ಹೊಸೆದು, ಗುಂಯ್ ಅಂತ ನಿಂತುಬಿಟ್ಟಿತು. ನಾನು ಓಡಿ ಪ್ಲಗ್ ಕಿತ್ತೆ. ಆ ಬೈರಾಸು ಕುತ್ತಿಗೆಗೆ ಸುತ್ತಿದ್ದರೆ? ಬಿಡಿಸಿ ಕೊಟ್ಟದ್ದನ್ನು ಮಾವ ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಸೋಲು ಒಪ್ಪುವ ಜನ ಅಲ್ಲ ಅವರು.

"ಮರದ್ದು ನನಗೆ ಗೊತ್ತಿಲ್ಲ" ಎಂದರು, "ಬಟ್ಟೆ ಹಿಂಡಲಿಕ್ಕೆ ಅಡ್ಡಿಯಿಲ್ಲ."

ಮೆಷಿನಿಗೆ ದರ್ಶನ

ಆಗಿನ ಕರೆಂಟು ಹೇಳಿ ಕೇಳಿ ಹೋಗುವ ಜಾತಿಯದ್ದಲ್ಲ. ಒಂದು ದಿನ ಮೇಜು ಉಜ್ಜುತ್ತಿದ್ದಾಗ ಹೋಯಿತು. ಮೆಷಿನನ್ನು ಜಗಲಿಯ ನೆಲಕ್ಕೆ ಕವುಚಿಟ್ಟು ನಾನು ಒಳಗೆ ಚಾ ಕುಡಿಯಲಿಕ್ಕೆ ಹೋದೆ. ಪ್ಲಗ್ ತೆಗೆಯಲಿಲ್ಲ, ಸ್ವಿಚ್ಚೂ ಆರಿಸಲಿಲ್ಲ. ಬುದ್ಧಿ ಎಲ್ಲಿತ್ತೋ ದೇವರಿಗೇ ಗೊತ್ತು.

ಅಮ್ಮ ಜಗಲಿಯ ತುದಿಯಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದರು. ಕರೆಂಟು ವಾಪಸ್ ಬಂತು. ಮೆಷಿನು ಒಮ್ಮೆ ನಡುಗಿತು, ಗರ್ರೆಂದು ಎದ್ದಿತು, ನಮ್ಮ ಸೆಗಣಿ ಸಾರಿಸಿದ ನೆಲದ ಹುಡಿ ಹಾರಿಸುತ್ತಾ ಜಗಲಿ ತುಂಬ ಕುಣಿಯಲಿಕ್ಕೆ ಸುರು ಮಾಡಿತು. ನಮ್ಮೂರಿನಲ್ಲಿ ದೈವ ಮನುಷ್ಯನ ಮೈಮೇಲೆ ಬಂದು ಕುಣಿಯುವುದಕ್ಕೆ ದರ್ಶನ ಬರುವುದು ಎನ್ನುತ್ತೇವೆ. ಅಮ್ಮ ಎಪ್ಪತ್ತು ವರ್ಷದಲ್ಲಿ ಎಷ್ಟೋ ದರ್ಶನ ನೋಡಿದವರು. ಓಡಲಿಲ್ಲ. ಎದ್ದು ನಿಂತು, ಸೆರಗು ಸರಿ ಮಾಡಿ, ಕೈ ಮುಗಿದು ಮಾತಿಗೇ ಇಳಿದರು.

"ಎಂತ ತಪ್ಪಾಯಿತು, ಹೇಳಬೇಕು. ಮಗ ಚಪ್ಪಲಿ ಹಾಕಿ ಮುಟ್ಟಿದನಾ? ಅವನಿಗೆ ಭುಜ ನೋವು, ತಲೆ ನೆಟ್ಟಗಿಲ್ಲ. ಒಂದು ಎಳನೀರಿನ ಬೊಂಡ ಇಡುತ್ತೇನೆ, ಶಾಂತವಾಗು!"

ಅಷ್ಟರಲ್ಲಿ ಮೆಷಿನು ಜಗಲಿಯಿಂದ ಅಂಗಳಕ್ಕೆ ಹಾರಿತು. ವಯರು ಅಲ್ಲಿಗೇ ಮುಗಿದು, ಪ್ಲಗ್ ಗೋಡೆಯಿಂದ ಟಪ್ಪೆಂದು ಕಿತ್ತು ಬಂತು. ಎಲ್ಲ ಶಾಂತ. ನಾನು ಚಾದ ಗ್ಲಾಸು ಹಿಡಿದು ಹೊರಗೆ ಬಂದಾಗ ಅಮ್ಮನ ಮುಖದಲ್ಲಿ ಗೆದ್ದ ಕಳೆ.

"ಪ್ಲಗ್ ಕಿತ್ತು ಬಂದದ್ದು, ಅಮ್ಮ" ಎಂದೆ.

"ಅದನ್ನು ಕಿತ್ತವರು ಯಾರು?"

ಅಂದಿನಿಂದ ನಾನು ಕೆಲಸ ನಿಲ್ಲಿಸಿದ ಕೂಡಲೇ ಅಮ್ಮ ಒಳಗಿನಿಂದ ಕೂಗುವುದು: "ದರ್ಶನ ಬಿಡಿಸಿದಿಯಾ?" ಅಂದರೆ ಪ್ಲಗ್ ತೆಗೆದಿಯಾ ಅಂತ. ತೆಗೆಯದೆ ಮುಟ್ಟಿದರೆ ಅಂಗಳ ಗುಡಿಸುವ ಹಿಡಿಸೂಡಿಯಲ್ಲಿ ಪೆಟ್ಟು. ಸಂಕ್ರಮಣಕ್ಕೊಮ್ಮೆ ಮೆಷಿನು ಬಿಚ್ಚಿ, ಹುಡಿ ಒಂದು ಚೂರೂ ಇಲ್ಲದ ಹಾಗೆ ಒರೆಸಿ, ಎದುರು ಬೊಂಡ ಇಡಬೇಕು. "ಅದರ ನೀರು ಮೆಷಿನಿಗೆ ಮಾತ್ರ ಹೊಯ್ಯಬೇಡಿ, ಸುಟ್ಟುಹೋಗ್ತದೆ" ಎಂದು ನಾನು ಬೇಡಿಕೊಂಡೆ.

"ನನಗೆ ಅಷ್ಟೂ ಗೊತ್ತಿಲ್ಲವಾ?" ಎಂದರು ಅಮ್ಮ. "ದೈವಕ್ಕೆ ಇಡುವುದು ಮಾತ್ರ. ಕುಡಿಯುವುದು ಯಾವಾಗಲೂ ನಾವೇ."

ತೊರಕೆ ಚರ್ಮ

ಆರು ತಿಂಗಳಾಗುವಾಗ ಮರಳುಕಾಗದ ಮುಗಿಯಿತು. ಹಡಗು ಬರುವುದು ನಿಂತು ಹಂಪನಕಟ್ಟೆ ಪೇಟೆಯ ಅಂಗಡಿಗಳಲ್ಲಿ ಒಂದು ಹಾಳೆಯೂ ಇಲ್ಲ. ಅದೇ ಹೊತ್ತಿಗೆ ಒಬ್ಬರು ವಕೀಲರು ಮಗನ ಉಪನಯನಕ್ಕೆ ಹನ್ನೆರಡು ಹಲಸಿನ ಮಣೆ ಹೇಳಿದ್ದರು. ನೀರುಳ್ಳಿಯನ್ನೂ ಮನೆಗೆ ತರದವರು.

ನೆರೆಮನೆಯ ಮೀನುಗಾರ ಹಿರಿಯರು ನನ್ನ ಪೇಚಾಟ ನೋಡಿ ನಕ್ಕರು. "ಕಾಗದ ನಿನ್ನೆ ಮೊನ್ನೆ ಬಂದದ್ದು ಮಾರಾಯ. ನನ್ನ ಅಜ್ಜ ದೋಣಿಯ ಹುಟ್ಟು ಉಜ್ಜಿದ್ದು ಎಂತದರಲ್ಲಿ? ತೊರಕೆ ಮೀನಿನ ಚರ್ಮದಲ್ಲಿ." ಒಂದು ಒಣಗಿದ ಚರ್ಮ ತಂದೂ ಕೊಟ್ಟರು. ಮುಟ್ಟಿದರೆ ಮರಳಿನಷ್ಟೇ ತರಿತರಿ. ಗುಂಡಗೆ ಕತ್ತರಿಸಿ ತಟ್ಟೆಗೆ ಬಿಗಿದೆ. ಆಹಾ, ಏನು ನುಣುಪು! ಹನ್ನೆರಡು ಮಣೆಯೂ ಕನ್ನಡಿಯೇ.

ಅವರ ಅಜ್ಜ ಉಜ್ಜಿದ್ದು ಕೈಯಲ್ಲಿ, ತಣ್ಣಗೆ. ನನ್ನ ತಟ್ಟೆ ತಿರುಗಿ ತಿರುಗಿ ಬೆಂಕಿಯಾಗಿತ್ತು. ಹುಡಿಗೆ ಹೆದರಿ ನಾನು ಮೂಗು ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿದ್ದರಿಂದ ನನಗೆ ಎಂತದೂ ಗೊತ್ತಾಗಲಿಲ್ಲ. ಬಟ್ಟೆ ಬಿಚ್ಚಿದೆ ನೋಡಿ, ಇಡೀ ಮನೆ ಒಣಮೀನು ಸುಟ್ಟ ಪರಿಮಳ. ಅಂಗಳದಲ್ಲಿ ಒಂಬತ್ತು ಬೆಕ್ಕು. ಗೇಟು ತೆಗೆದು ಒಳಗೆ ಬರುತ್ತಿರುವ ವಕೀಲರು.

ಬೆಕ್ಕೊಂದು ಮಣೆಯನ್ನು ನೆಕ್ಕುತ್ತಿರುವಾಗ ಸುಳ್ಳು ಹೇಳುವುದು ಹೇಗೆ? ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ. ವಕೀಲರು ಮೂಗಿಗೆ ಶಾಲು ಹಿಡಿದರು. ಬೈದರೆ ಬೈಸಿಕೊಳ್ಳುವ ಎಂದುಕೊಂಡಿದ್ದೆ.

"ಮಾರಾಯ," ಎಂದರು, "ಮಣೆಗೆ ಜನಿವಾರ ಇಲ್ಲ, ಒಪ್ಪಿದೆ. ಕೂತುಕೊಳ್ಳುವವನಿಗೆ ಉಂಟಲ್ಲ!"

ಆ ಹನ್ನೆರಡನ್ನು ಬದಿಗಿಟ್ಟು ಹೊಸ ಹಲಗೆ ತಂದು, ಕೀಸುಳಿ ಹಿಡಿದು, ಎಡಗೈಯಲ್ಲೇ ಉಜ್ಜಿ ನಾಲ್ಕು ದಿನದಲ್ಲಿ ಕೊಟ್ಟೆ. ಬಲಗೈಯಲ್ಲಿ ಹಲಗೆ ಒತ್ತಿ ಹಿಡಿದದ್ದಕ್ಕೇ ಭುಜದ ನೋವಿಗೆ ಕಣ್ಣಲ್ಲಿ ನೀರು ಬಂತು. ವಕೀಲರು ಕರುಣೆಯಿಂದ ಎಲ್ಲಿಂದಲೋ ಎರಡು ಡಜನ್ ಮರಳುಕಾಗದ ತರಿಸಿಕೊಟ್ಟರು. ಬೆಕ್ಕುಗಳು ಮಾತ್ರ ಹದಿನೈದು ದಿನ ಬಂದವು.

ಹೆಂಡತಿ ಹೇಳಿದ್ದು ಇಷ್ಟೇ: "ಮೀನು ತರದೆ ಮೀನಿನ ಪರಿಮಳ ಮಾತ್ರ ತಂದ ಗಂಡಸು ಈ ಊರಿನಲ್ಲಿ ನೀವೊಬ್ಬರೇ."

ದೊರೆಯ ಪರೀಕ್ಷೆ

ವರ್ಷ ತುಂಬಿತು. ದೊರೆ ಬಂದರು. ಮೆಷಿನು ಹೋದರೆ ನನ್ನ ಕೆಲಸವೂ ಹೋದ ಹಾಗೆ.

"ಕೈ" ಎಂದರು. ಚಾಚಿದೆ. ಎಣಿಸಿದರು. ಹತ್ತು.

"ಬಿಚ್ಚು" ಎಂದರು. ಪ್ಲಗ್ ತೆಗೆದು ಬಿಚ್ಚಿದೆ. ಮೊನ್ನೆಯಷ್ಟೇ ಸಂಕ್ರಮಣ ಆಗಿತ್ತು, ಒಳಗೆ ಒಂದು ಹುಡಿಯಿಲ್ಲ. ದೊರೆಯ ಹುಬ್ಬು ಮೇಲೇರಿತು. ತಿರುಗಿ ಜೋಡಿಸಿ, ಪ್ಲಗ್ ಹಾಕಿ, ಹಲಗೆಯ ಮೇಲೆ ಓಡಿಸಿ ತೋರಿಸಿದೆ. ಮೆಷಿನಿನ ಸ್ವರ ಸರಿಯಿತ್ತು. ನಿಲ್ಲಿಸಿ ಮೇಜಿನ ಮೇಲಿಟ್ಟೆ.

ಆಗ ದೊರೆ ಬಗ್ಗಿ, ಕಾಗದ ಸವೆದಿದೆಯಾ ಅಂತ ನೋಡಲಿಕ್ಕೆ ಬಲಗೈ ಚಾಚಿದರು. ಪ್ಲಗ್ ಗೋಡೆಯಲ್ಲೇ ಇತ್ತು.

ಚಟೀರ್!

ಹಿಡಿಸೂಡಿಯ ಬುಡ ದೊರೆಯ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಅಮ್ಮ ಬಾಗಿಲಿನಿಂದ ಯಾವಾಗ ಬಂದರೋ! "ದರ್ಶನ ಬಿಡಿಸದೆ ಮುಟ್ಟುವುದಾ? ಇಷ್ಟು ದೊಡ್ಡ ಜನ, ಇಷ್ಟೂ ಗೊತ್ತಿಲ್ಲವಾ?"

ಮೆಷಿನು ಹೋಯಿತು, ಕಾರ್ಖಾನೆಯ ಕೆಲಸವೂ ಹೋಯಿತು, ಇನ್ನು ಜೈಲಿನ ಗಂಜಿಯೇ ಗತಿ ಎಂದುಕೊಂಡೆ.

"ಎಂತ ಹೇಳುತ್ತಾರೆ?" ದೊರೆ ಕೇಳಿದರು.

"ಮೊದಲು ಪ್ಲಗ್ ತೆಗೆಯಬೇಕಂತೆ, ದೊರೆ."

ದೊರೆ ಇಷ್ಟು ವರ್ಷ ಕಿಸೆಯಲ್ಲೇ ಇದ್ದ ಎಡಗೈಯನ್ನು ಮೆಲ್ಲಗೆ ಹೊರಗೆ ತೆಗೆದರು. ತೋರುಬೆರಳಿನ ತುದಿಯ ಗೆಣ್ಣು ಇರಲಿಲ್ಲ.

"ಇದೇ ಮೆಷಿನು" ಎಂದರು. "ಎಲ್ಲರಿಗೂ ಹೇಳುತ್ತಿದ್ದೆ, ಪ್ಲಗ್ ತೆಗೆ, ಪ್ಲಗ್ ತೆಗೆ. ಒಂದು ದಿನ ನಾನೇ ತೆಗೆಯಲಿಲ್ಲ." ಮತ್ತೆ ಪ್ಲಗ್ಗನ್ನು ತಾವೇ ಕಿತ್ತು, ವಯರು ಸುತ್ತಿ, ಮೆಷಿನನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನ ಎದುರು ಇಟ್ಟರು. "ಇದು ನಿನಗೆ ಅಲ್ಲ. ಇವರಿಗೆ."

ಅಮ್ಮ ಮೆಷಿನನ್ನು ನೋಡಲೇ ಇಲ್ಲ. ದೊರೆಯ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಮೊಂಡು ಬೆರಳನ್ನು ಸವರಿ, ನನ್ನ ಕಡೆ ತಿರುಗಿದರು.

"ಪಾಪ, ಆ ಹೊತ್ತಿಗೆ ಇವರ ತಾಯಿ ಹತ್ತಿರ ಇರಲಿಲ್ಲವಾ? ಒಂದು ಬೊಂಡದಲ್ಲಿ ಮುಗಿಯುವ ಕೆಲಸ."