ಟ್ರಿಪ್ ಆಗದ ಬ್ರೇಕರ್

ಚೆನ್ನಾಗಿ ನಡೆಯುತ್ತಿರುವುದನ್ನು ನಿಲ್ಲಿಸಿ ತೋರಿಸಿ ಹೊಟ್ಟೆ ಹೊರೆಯುವವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಾರ್ಖಾನೆಗಳ ಸರ್ಕ್ಯೂಟ್ ಬ್ರೇಕರ್ ಮತ್ತು ಅದನ್ನು ಎಚ್ಚರಿಸುವ ರಿಲೇಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕರೆಂಟು ಅತಿಯಾದ ಕೂಡಲೇ ರಿಲೇ ಬ್ರೇಕರನ್ನು ಬೀಳಿಸಿ, ಅಂದರೆ ಟ್ರಿಪ್ ಮಾಡಿ, ಕರೆಂಟು ಕಡಿಯಬೇಕು; ಬಿದ್ದರೆ ಪಾಸು. ರಬಕವಿಯಲ್ಲಿ ಮಗ್ಗ ನಡೆಸುವ ನಮ್ಮ ಅತ್ತೆಯವರಿಗೆ ಮದುವೆಗೆ ಮುಂಚೆ ಇದನ್ನೆಲ್ಲ ವಿವರಿಸಿದ್ದೆ. ಅವರು ಪೂರಾ ಕೇಳಿ, "ಕರೆಂಟ್ ತಗ್ಯಾಕ ಮನಷ್ಯಾ ಯಾಕ ಬೇಕ್ರಿ? ನಮ್ಮೂರಾಗ ಅದು ತಾನ ಹೋಗತೈತಿ" ಎಂದಿದ್ದರು. ಆದರೂ ಮಗಳನ್ನು ಕೊಟ್ಟರು, ಅದು ಅವರ ದೊಡ್ಡತನ.

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಪ್ರತಿವರ್ಷ ಹಂಗಾಮು ಶುರುವಾಗುವ ಮುಂಚೆ ಜಮಖಂಡಿಯಿಂದ ಹೋಗಿಬರುತ್ತೇನೆ. ಈ ಸಲ ಹೋದದ್ದು ದಸರೆಯ ಮರುದಿನ. ಜೊತೆಗಿದ್ದವರು ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ಮಲ್ಲಪ್ಪ, ನಿವೃತ್ತಿಗೆ ಎರಡೇ ವರ್ಷ ಉಳಿದವರು. ಕಬ್ಬು ಅರೆಯುವ ಮೋಟಾರಿನ ಹಳೆಯ ರಿಲೇಗೆ ನನ್ನ ಕಿಟ್ಟಿನಿಂದ ಕರೆಂಟು ಏರಿಸುತ್ತ ಹೋದೆ. ಒಳಗಿನ ತಟ್ಟೆ ತಿರುಗಬೇಕಿತ್ತು. ಎರಡು ಪಟ್ಟು ಕೊಟ್ಟೆ, ಮೂರು ಪಟ್ಟು ಕೊಟ್ಟೆ, ಊಹೂಂ.

"ಹೋದ ಹಂಗಾಮಿನಾಗ ಒಮ್ಮಿನೂ ಟ್ರಿಪ್ ಆಗಿಲ್ರಿ ಸಾಹೇಬ್ರ" ಎಂದರು ಮಲ್ಲಪ್ಪ, ಹೆಮ್ಮೆಯಿಂದ.

ಸೀಲು ಒಡೆದು ಮುಚ್ಚಳ ತೆಗೆದರೆ ತಟ್ಟೆಯ ಸಂದಿಯಲ್ಲಿ ಒಣಗಿದ ಬನ್ನಿಯ ಎಸಳು. ದಸರೆಯಲ್ಲಿ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು ನಮ್ಮಲ್ಲಿ ರೂಢಿ. ಮಲ್ಲಪ್ಪ ಮನುಷ್ಯರಿಗಷ್ಟೇ ಅಲ್ಲ, ಪಂಪು ಪ್ಯಾನೆಲ್ಲುಗಳಿಗೂ ಕೊಡುವವರು. ನನಗೆ ತಲೆ ಕೆಟ್ಟಿತು. ಇಡೀ ವರ್ಷ ಆ ಮೋಟಾರಿಗೆ ಕಾವಲೇ ಇರಲಿಲ್ಲ, ಯಾರಾದರೂ ಸುಟ್ಟುಹೋಗಿದ್ದರೆ ಗತಿಯೇನು ಎಂದು ಕೂಗಾಡಿದೆ. ಬೈಯುವಾಗ ನನ್ನ ಭಾಷೆ ಬಹಳ ಶುದ್ಧವಾಗುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಅವತ್ತು ಬಾಯಿಂದ "ಅಕ್ಷಮ್ಯ" ಎಂಬ ಪದ ಬಂತು. ಕೂಗಿಗೆ ಮ್ಯಾನೇಜರು ಓಡಿಬಂದರು.

"ಇದನ್ನ ಇಟ್ಟಾವ್ರ ಹೆಸರ ರಿಪೋರ್ಟಿನಾಗ ಬರೀರಿ. ಇವತ್ತ ಮನಿಗೆ ಕಳಸ್ತೀನಿ" ಎಂದು ಮಲ್ಲಪ್ಪನವರತ್ತ ನೋಡಿದರು. ನಾನು ಪೆನ್ನು ತೆಗೆದೆ. ಅಷ್ಟರಲ್ಲಿ ಮ್ಯಾನೇಜರಿಗೇ ಏನೋ ಹೊಳೆಯಿತು. "ಅಲ್ರಿ, ಈಗ ಒಡದ್ರಲ್ಲ, ಕೈಯಾಗಿನ ಆ ಸೀಲ್ ಯಾರದು?"

ಅಂಗೈ ಬಿಡಿಸಿದೆ. ಸೀಸದ ಸೀಲಿನ ಮೇಲೆ ನನ್ನದೇ ಗುರುತು, ಹೋದ ವರ್ಷದ್ದು. ಆಗ ನೆನಪಾಯಿತು. ಆ ಸಲವೂ ದಸರೆಯ ಆಸುಪಾಸಿನಲ್ಲೇ ಬಂದಿದ್ದೆ. ಪರೀಕ್ಷೆ ಮುಗಿದು ಇನ್ನೇನು ಮುಚ್ಚಳ ಹಾಕಬೇಕು, ಮಲ್ಲಪ್ಪ ಬನ್ನಿ ಕೊಟ್ಟಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್. ಬನ್ನಿಯನ್ನು ನೆಲಕ್ಕಿಡುವಂತಿಲ್ಲ. ಒಂದು ಗಳಿಗೆ ಎಂದು ರಿಲೇಯೊಳಗೇ ಇಟ್ಟೆ. ಮನೆಯಿಂದ ಫೋನು ಬಂತು. ಮಾತಾಡುತ್ತಲೇ ಮುಚ್ಚಿ ಸೀಲು ಒತ್ತಿದ್ದೆ.

ಮಲ್ಲಪ್ಪನವರಿಗೂ ನೆನಪಾಗಿತ್ತು. ಆದರೆ ಅವರು ಮ್ಯಾನೇಜರ ಕಡೆ ತಿರುಗಿ ಮೆಲ್ಲಗೆ, "ನಂದ ತಪ್ಪರಿ. ಸಾಹೇಬ್ರ ಕೈ ಖಾಲಿ ಇಲ್ದಾಗ ಬನ್ನಿ ಕೊಡಬಾರದಿತ್ತು" ಎಂದರು.

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. "ಸೀಲ್ ನಂದರಿ. ಬನ್ನಿ ಇಟ್ಟಾವನೂ ನಾನ" ಎಂದು, ರಿಪೋರ್ಟಿನಲ್ಲಿ ನನ್ನ ಹೆಸರನ್ನೇ ಬರೆದೆ. ಮ್ಯಾನೇಜರು ಅದನ್ನು ಎರಡು ಸಲ ಓದಿ, ಚಹಾ ತರಿಸಿದರು. ಬನ್ನಿ ತೆಗೆದು ಮತ್ತೆ ಕರೆಂಟು ಕೊಟ್ಟಾಗ ತಟ್ಟೆ ತಿರುಗಿ ಬ್ರೇಕರ್ ಧಡ್ ಎಂದು ಬಿತ್ತು. ಮುಚ್ಚಳ ಹಾಕಿ ಹೊಸ ಸೀಲು ಒತ್ತಿ, ಗಟ್ಟಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದೆ.

ಹೊರಡುವಾಗ ಮಲ್ಲಪ್ಪ ಈ ವರ್ಷದ ಬನ್ನಿ ತಂದರು. ನಾನು ಎರಡೂ ಕೈ ಚಾಚಿದೆ. ಅವರು ಕೈಗೆ ಕೊಡಲಿಲ್ಲ. ನನ್ನ ಅಂಗಿಯ ಕಿಸೆಗೆ ತಾವೇ ಹಾಕಿ, "ಬಂಗಾರದಂಗ ಇರೂಣ್ರಿ" ಎಂದು ಗುಂಡಿ ಹಾಕಿದರು. ಆಮೇಲೆ ನಾನು ಸೀಲನ್ನು ಎಳೆದು ನೋಡುವ ಹಾಗೆಯೇ ಆ ಗುಂಡಿಯನ್ನು ಒಮ್ಮೆ ಎಳೆದು ನೋಡಿದರು.